ಒಂದು ಜರಡಿ ತವುಡಿಗೆ ಮಾರಿಹೋದವನು

ಸತಿಲ್ಮಿಶ್ ಊರು,
ಏಪ್ರಿಲ್ 7, 1984, ಶನಿವಾರ

ಪ್ರೀತಿಯ ಅಳಿಯ ಯಾಲ್ಚಿನ್,

ನಿನ್ನ ಎರಡೂ ಕಣ್ಣಿಗೆ ಮುತ್ತಿಟ್ಟು ನಿನ್ನ ಸೋದರಮಾವ ಬರೆಯುವುದು. ಸೊಂಟನೋವು ಹೇಗಿದೆ? ಮೆರ್ಸಿನ್ ಬಂದರಿನಲ್ಲಿ ಆ ಕ್ರೇನಿನ ಗೂಡೊಳಗೆ ದಿನವೆಲ್ಲ ಮಡಿಚಿಕೊಂಡು ಕೂರುತ್ತೀಯಲ್ಲ, ಇಳಿದು ಮನೆಗೆ ಬಂದ ಮೇಲೆ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕೊಟ್ಟುಕೋ. ನಿನ್ನಮ್ಮ ಮೆನೆಕ್ಷೆ ಇದ್ದಿದ್ದರೆ ತಾನೇ ಒತ್ತಿಕೊಡುತ್ತಿದ್ದಳು, ಪುಣ್ಯಾತ್ಗಿತ್ತಿ. ಸೊಸೆ ಬೆರ್ರಿನ್ ಕ್ಷೇಮವೇ? ನಿಮ್ಮ ಪುಟ್ಟಿ ಇಪೆಕ್‌ಗೆ ಮುಂದಿನ ಹಲ್ಲು ಬಂತೇ? ನನ್ನನ್ನು ಕೇಳಿದರೆ, ಗುಂಡುಕಲ್ಲಿನ ಹಾಗಿದ್ದೇನೆ. ಕಳೆದ ತಿಂಗಳು ಪೇಟೆಯ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ಇದು ಇಪ್ಪತ್ತರ ಹುಡುಗನ ಗುಂಡಿಗೆ ಅಂದರು. ಮೊಣಕಾಲಿನ ವಿಷಯವಾಗಿ ಇನ್ನೇನೋ ಹೇಳಿದರು, ಆದರೆ ಚಿಕ್ಕ ವಯಸ್ಸಿನ ಡಾಕ್ಟರು, ಅವರ ಮಾತನ್ನೆಲ್ಲ ಹಚ್ಚಿಕೊಳ್ಳಲಾಗುತ್ತದೆಯೇ? ಹಿಮ ಕರಗಿದೆ. ಮಸೀದಿಯ ಹೊಗೆಕೊಳವೆಯ ಮೇಲೆ ಕೊಕ್ಕರೆಗಳು ಬಂದು ಗೂಡು ರಿಪೇರಿ ಮಾಡಿಕೊಳ್ಳುತ್ತಿವೆ. ದಾರಿಯೆಲ್ಲ ಮೊಣಕಾಲುದ್ದ ಕೆಸರು. ಹಿಮದಲ್ಲಿ ಮುಚ್ಚಿದ್ದ ದಾರಿ ಈಗ ಕೆಸರಿನಲ್ಲಿ ಮುಚ್ಚಿದೆ, ಅಷ್ಟೇ ವ್ಯತ್ಯಾಸ.

ಇಗೋ, ಇಷ್ಟು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಹೋಗಿ ಬಂದೆ. ಎದುರುಮನೆಯ ಉಮ್ಮುಹಾನ್ ಅವ್ವನಿಗೆ ಒಲೆಗೆ ಒಂದು ತುಂಡು ಸೌದೆ ಹಾಕಬೇಕಿತ್ತು. ಈ ಗಂಟೆಯ ಸಂಗತಿ ನಿನಗೆ ಗೊತ್ತಿಲ್ಲ. ಹೋದ ಶರತ್ಕಾಲದಲ್ಲಿ ಅವಳು ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ನಾನೇ ಒಂದು ಉಪಾಯ ಮಾಡಿದೆ. ಅವಳ ಹಾಸಿಗೆಯ ಪಕ್ಕದಿಂದ ಒಂದು ಹಗ್ಗ ಹೊರಟು, ಕಿಟಕಿ ದಾಟಿ, ಓಣಿಯ ಮೇಲಿಂದ ಹಾದು, ನನ್ನ ಕಿಟಕಿಯೊಳಗೆ ಬಂದು, ನನ್ನ ದಿಂಬಿನ ಮೇಲೆ ತೂಗುವ ಆಡಿನ ಗಂಟೆಗೆ ಸೇರುತ್ತದೆ. ಅವಳು ಎಳೆದರೆ ಇಲ್ಲಿ ಟಣ್ ಅನ್ನುತ್ತದೆ. ಊರಿನವರೆಲ್ಲ ಬಂದು ನೋಡಿ ಹೋದರು. ಇಂಜಿನಿಯರುಗಳು ಕಲಿಯಬೇಕು ಅಂಥದ್ದು, ನಾನು ಬಡಾಯಿ ಕೊಚ್ಚುವವನಲ್ಲ. ಆದರೆ ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಹಗ್ಗ ಕಟ್ಟಿದವನು ನಾನು, ಕಟ್ಟಿಸಿಕೊಂಡವನೂ ನಾನೇ. ಚಹಾದಂಗಡಿಯಲ್ಲಿ ಕೂತಿದ್ದರೂ ಕಿವಿ ಆ ಗಂಟೆಯ ಕಡೆಗೇ ಇರುತ್ತದೆ. ಅಷ್ಟು ದೂರಕ್ಕೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ ಇರುತ್ತದೆ.

ಹೋದ ಸಲ ನೀನು ಊರ ಮುಖಂಡರ ಮನೆಗೆ ಫೋನ್ ಮಾಡಿದಾಗ ಇಪೆಕ್ ಕೇಳಿದಳು ನೋಡು, 'ಅಜ್ಜಾ, ನಿನ್ನ ಹೆಸರು ಯಾಕೆ ಸತಿಲ್ಮಿಶ್, ಮಾರಿಹೋದವನು ಅಂತ? ಯಾರು ಮಾರಿದ್ರು?' ಎಂದು. ಮುಖಂಡರು ಪಕ್ಕದಲ್ಲೇ ನಿಂತು ಮೀಸೆಯಲ್ಲೇ ನಗುತ್ತಿದ್ದರಿಂದ ಹೇಳಲಾಗಲಿಲ್ಲ. ಈಗ ಅವಳಿಗೆ ಓದಿ ಹೇಳು. ನನಗಿಂತ ಮುಂಚೆ ನಮ್ಮಮ್ಮ, ಅಂದರೆ ನಿನ್ನ ಅಜ್ಜಿ, ನಾಲ್ಕು ಕೂಸು ಹೆತ್ತು ನಾಲ್ಕನ್ನೂ ಮಣ್ಣಿಗೆ ಕೊಟ್ಟಿದ್ದಳು. ನಾನು ಹುಟ್ಟಿದಾಗ ಹಿರಿಯ ಹೆಂಗಸರು, 'ನಿನ್ನ ಬಾಗಿಲು ಸಾವಿಗೆ ರೂಢಿಯಾಗೋಗಿದೆ ಕಣೇ, ಇದನ್ನ ಮಾರ್ಬಿಡು' ಅಂದರಂತೆ. ಸಾವು ಬಂದು ಎಲ್ಲಿ ಕೂಸು ಎಂದು ಕೇಳಿದರೆ, ನಮ್ಮದಲ್ಲಪ್ಪ, ಅದು ಎದುರುಮನೆಯದು ಎಂದು ಕಳಿಸಿಬಿಡಬಹುದಲ್ಲ. ಎದುರುಮನೆಯ ಉಮ್ಮುಹಾನ್ ಅವ್ವನಿಗೆ ಆಗಲೇ ಗಂಡುಮಕ್ಕಳು ಸಾಲಾಗಿ, ಒಂದಕ್ಕೂ ಕೆಮ್ಮಿಲ್ಲ. ಅವಳು ನನ್ನನ್ನು ತನ್ನ ಅಂಗಿಯ ಕೊರಳಿನಿಂದ ಒಳಗೆ ಬಿಟ್ಟು ಕೆಳಗಿನಿಂದ ಹೊರತೆಗೆದಳು, ತಾನೇ ಹೆತ್ತ ಹಾಗೆ. ಬೆಲೆ ಕೇಳಿದ್ದು ನಮ್ಮಮ್ಮನೇ. ತನ್ನ ಮನೆಯ ಜರಡಿಯನ್ನು ಮುಂದೆ ಹಿಡಿದು, ಇದು ತುಂಬ ತವುಡು ಕೊಡು ಅಂದಳಂತೆ. ಬೆಳ್ಳಿಯಲ್ಲ, ಗೋಧಿಯಲ್ಲ, ತವುಡು. ಯಾಕೆ ಎಂದು ಕೇಳಿದ್ದಕ್ಕೆ, 'ನುಣ್ಣಗಿದ್ದವೆಲ್ಲ ಹಿಟ್ಟಿನಂಗೆ ಕೆಳಗೆ ಸೋರಿಹೋದವು. ಇದು ಒರಟಾಗಿರ್ಲಿ, ತವುಡಿನಂಗೆ ಜರಡೀಲೇ ಉಳೀಲಿ' ಅಂದಳಂತೆ. ಉಳಿದೆ ನೋಡು. ಐವತ್ತೈದು ವರ್ಷವಾದರೂ ಜರಡಿಯಲ್ಲೇ ಉಳಿದಿದ್ದೇನೆ. ನನ್ನ ಹಿಂದೆ ಹುಟ್ಟಿದ ನಿನ್ನಮ್ಮನನ್ನು ಮಾರಬೇಕಾಗಿಯೇ ಬರಲಿಲ್ಲ. ಅಷ್ಟರಲ್ಲಿ ಸಾವಿಗೆ ನಮ್ಮ ಮನೆಯ ದಾರಿ ಮರೆತುಹೋಗಿತ್ತು.

ಊರಿಗೂ ಇದೇ ಹೆಸರು ಯಾಕೆ ಎಂದೂ ಅವಳು ಕೇಳಿಯಾಳು. ನನ್ನ ಹೆಸರನ್ನೇ ಊರಿಗಿಟ್ಟರು ಎಂದು ಹೇಳಿಬಿಡು, ನಾನೇನೂ ಬೇಡ ಅನ್ನುವುದಿಲ್ಲ. ಈ ನಾಡಿನಲ್ಲಿ ನನಗೆ ಗೊತ್ತಿದ್ದ ಹಾಗೆ ಇನ್ನೂ ಎರಡು ಊರಿಗೆ ಇದೇ ಹೆಸರಿದೆ. ಯಾವ ಸುಲ್ತಾನನಿಗಿತ್ತು ಈ ಭಾಗ್ಯ? ಮಿನಿಬಸ್ಸಿನ ರಾಶಿತ್ ತಿರುವಿನಲ್ಲಿ ನಿಲ್ಲಿಸಿ 'ಸತಿಲ್ಮಿಶ್! ಸತಿಲ್ಮಿಶ್ ಯಾರ್ರೀ?' ಎಂದು ಕೂಗಿದಾಗ ನಾನು ಜಮೀನ್ದಾರನ ಹಾಗೆ ಇಳಿಯುತ್ತೇನೆ. ಸೈನ್ಯಕ್ಕೆ ಸೇರಿದ ದಿನ ಸಾರ್ಜೆಂಟು ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಅದನ್ನೇ ಹೇಳಿದೆ. 'ಲೇ, ಊರಿನ ಹೆಸರು ಕೇಳಿದ್ರೆ ನಿನ್ನ ಹೆಸರೇ ಹೇಳ್ತೀಯ, ಊರೇ ಎದ್ದು ಸೈನ್ಯಕ್ಕೆ ಬಂದಿದ್ಯೇನೋ?' ಅಂದ. 'ಹೌದು ಸಾಹೇಬ್ರೇ, ಹಿಂದೆ ಎತ್ತಿನಗಾಡೀಲಿ ಬಾವಿ ಬರ್ತಾ ಇದೆ' ಅಂದೆ. ಒಂದು ವಾರ ಆಲೂಗೆಡ್ಡೆ ಸುಲಿಸಿದ. ಆದರೆ ನಿಜವಾದ ಕಥೆ ಹಿರಿಯರು ಹೇಳುವುದು ಬೇರೆ. ಅಲೆಮಾರಿ ಕುರಿಗಾಹಿಗಳ ಹೆಂಗಸೊಬ್ಬಳು, ಮಕ್ಕಳುಳಿಯದೆ, ತನ್ನ ಕೂಸನ್ನು ಈ ಗುಡ್ಡಕ್ಕೇ ಮಾರಿದಳಂತೆ. ಕೂಸು ಬದುಕಿತು. ಆದರೆ ಮಾರಿದ್ದನ್ನು ಗುಡ್ಡದಿಂದ ಮತ್ತೆ ಕೊಂಡು ಬಿಡಿಸಿಕೊಳ್ಳುವುದು ಹೇಗೆ? ಗುಡ್ಡ ಬಾಯಿ ಬಿಡುವುದಿಲ್ಲವಲ್ಲ. ಗುಂಪು ಮುಂದೆ ಹೋಯಿತು, ಇವಳು ಕೂಸಿನ ಜೊತೆ ಇಲ್ಲೇ ಉಳಿದಳು, ಗುಡಾರ ಮನೆಯಾಯಿತು, ಮನೆ ಊರಾಯಿತು. ಬಿಡಿಸಿಕೊಳ್ಳಲಾಗದವರ ಊರು ಕಣೋ ಇದು. ಚಿಕ್ಕವನಿದ್ದಾಗ ಈ ಕಥೆ ಕೇಳಿ ನಗುತ್ತಿದ್ದೆ.

ಈಗ ನಗು ಬರದಿರುವುದಕ್ಕೆ ಕಾರಣ ಹೇಳುತ್ತೇನೆ, ಬೆರ್ರಿನ್ ಮುಂದೆ ಜೋರಾಗಿ ಓದಬೇಡ. ನಾನು ಮದುವೆಯಾಗಬೇಕೆಂದಿದ್ದೇನೆ. ಕುರ್ಚಿಯಿಂದ ಬಿದ್ದೆಯಾ? ಏಳು, ಏಳು. ಹೋದ ಚಳಿಗಾಲ ಶುರುವಾಗುವ ಮುಂಚೆ ಉಮ್ಮುಹಾನ್ ಅವ್ವನ ಹಳೆಯ ಉಣ್ಣೆಯ ಹೊದಿಕೆಯನ್ನು ಸಂತೆಯ ದಿನ ಪೇಟೆಗೆ ಹೊತ್ತುಕೊಂಡು ಹೋದೆ. ಅಲ್ಲಿ ಗುಲಿಜಾರ್ ಎಂಬವಳು ಹೊದಿಕೆ ಬಿಚ್ಚಿ, ಉಣ್ಣೆ ತೊಳೆದು, ಬಡಿದು, ಮತ್ತೆ ಹೊಲಿದುಕೊಡುತ್ತಾಳೆ. ವಿಧವೆ, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ತೋಳು ನೋಡಿದರೆ ಕುಸ್ತಿಯವಳ ಹಾಗೆ. ಹೊದಿಕೆ ಬಿಚ್ಚಿದವಳೇ, 'ಯಪ್ಪಾ, ಈ ಉಣ್ಣೆ ಎಷ್ಟು ವರ್ಷದ್ದು?' ಅಂದಳು. 'ಹೆಚ್ಚೂಕಮ್ಮಿ ನನ್ನ ವಯಸ್ಸೇ' ಅಂದೆ. 'ಹಂಗಾದ್ರೆ ಚೆನ್ನಾಗಿ ಬಡೀಬೇಕು' ಅಂದಳು. 'ಯಾವುದನ್ನ?' ಅಂದೆ. 'ಎರಡನ್ನೂ' ಅಂದಳು. ಅಳಿಯಾ, ಆ ಇಪ್ಪತ್ತರ ಗುಂಡಿಗೆ ಅಲ್ಲೇ ಬಿತ್ತು. ಆಮೇಲೆ ಸಂತೆ ಸಂತೆಗೂ ಏನಾದರೊಂದು ಹೊತ್ತುಕೊಂಡು ಹೋದೆ. ನಮ್ಮ ಮನೆಯ ಹೊದಿಕೆ ದಿಂಬುಗಳು ಮುಗಿದ ಮೇಲೆ ಇಮಾಮರ ಮನೆಯವನ್ನೂ ಕೇಳಿ ಕೇಳಿ ತೆಗೆದುಕೊಂಡು ಹೋದೆ. ಈ ಊರಿನಲ್ಲೀಗ ಇಮಾಮರಷ್ಟು ಮೆತ್ತಗೆ ಮಲಗುವವರು ಯಾರೂ ಇಲ್ಲ.

ಎಲ್ಲ ಸರಿಯಾಗಿತ್ತು, ಅವಳು ನನ್ನ ಹೆಸರು ಕೇಳುವ ತನಕ. ಹೇಳಿದೆ. ಅವಳ ಕೈ ಉಣ್ಣೆಯಲ್ಲೇ ನಿಂತಿತು. 'ಬಿಡಿಸ್ಕೊಂಡಿದ್ದಾರೋ, ಇಲ್ವೋ?' ಅಂದಳು. ಇದು ನಮ್ಮ ಕಡೆಯ ಯಾವ ಹೆಣ್ಣಾದರೂ ಮೊದಲು ಕೇಳುವ ಮಾತು. ಮಾರಿದ ಮಗುವನ್ನು ಮದುವೆಗೆ ಮುಂಚೆ ಅದೇ ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅವನು ಕೊಂಡ ಮನೆಯ ಮಗನೇ, ಅವನನ್ನು ಮದುವೆಯಾದವಳು ಕೊಂಡ ಮನೆಯ ಸೊಸೆಯೇ. ನಾನು ಒಂದು ಕ್ಷಣವೂ ತಡಮಾಡದೆ, 'ಓಹೋ, ಯಾವತ್ತೋ! ಕೊಂಬಿಗೆ ಚಿನ್ನದ ಬಣ್ಣ ಬಳಿದ ಟಗರು ಕೊಟ್ಟು ಬಿಡಿಸ್ಕೊಂಡ್ರು, ಡೋಲು ಓಲಗ ಎಲ್ಲಾ ಇತ್ತು' ಅಂದೆ. ಮುಂದಿನ ಸಂತೆಯ ಹೊತ್ತಿಗೆ ಆ ರಾಶಿತ್, ಬಸ್ಸಿಗಿಂತ ಬಾಯಿಯನ್ನೇ ಜೋರಾಗಿ ಓಡಿಸುವವನು, ಅವಳ ಅಂಗಡಿಯ ಮುಂದೆ ನಿಂತು ಇದ್ದದ್ದನ್ನೆಲ್ಲ ಹೇಳಿಯಾಗಿತ್ತು. ಗುಲಿಜಾರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸುತ್ತಾ, 'ನೋಡು, ಒಬ್ಬ ಅತ್ತೆಯ ಕೈಕೆಳಗೆ ಇಪ್ಪತ್ತು ವರ್ಷ ಬಾಳಿ ಅವಳನ್ನ ಮಣ್ಣು ಮಾಡಿದ್ದೀನಿ. ಇನ್ನೊಬ್ಬಳ ಮನೆಗೆ ಸೊಸೆಯಾಗಿ ಹೋಗೋ ಶಕ್ತಿ ನಂಗಿಲ್ಲ. ಹಿದ್ರೆಲ್ಲೆಜ್ ಹಬ್ಬದ ತನಕ ಕಾಯ್ತೀನಿ. ಬಿಡಿಸ್ಕೊಂಡು ಬಾ, ಇಲ್ಲಾ ದಿಂಬು ಹೊತ್ಕೊಂಡು ಬರೋದು ಬಿಡು' ಅಂದಳು. ಹಬ್ಬ ಮುಂದಿನ ತಿಂಗಳ ಮೊದಲ ವಾರವೇ ಬರುತ್ತದೆ.

ನಮ್ಮಮ್ಮ ಯಾಕೆ ಬಿಡಿಸಿಕೊಳ್ಳಲಿಲ್ಲ ಎಂದು ನೀನು ಕೇಳಬಹುದು. ಹೆದರಿಕೆ. ಪ್ರತಿ ವರ್ಷ, ಈ ಚಳಿಗಾಲ ಕಳೆಯಲಿ, ಈ ಚಳಿಗಾಲ ಕಳೆಯಲಿ ಅನ್ನುತ್ತಿದ್ದಳು. ನಾನು ಸೈನ್ಯಕ್ಕೆ ಹೊರಡುವ ಮುಂಚೆ ಕೊನೆಗೂ ಜರಡಿಗೆ ತವುಡು ತುಂಬಿಕೊಂಡು ಓಣಿಗೆ ಇಳಿದಳು. ಓಣಿಯ ನಡುವೆ ಹೋಗುತ್ತಿದ್ದಾಗ ಹಾಡಹಗಲಲ್ಲಿ ಗೂಬೆ ಕೂಗಿತು. ಅವಳು ತಿರುಗಿ ಓಡಿಬಂದ ರಭಸಕ್ಕೆ ತವುಡೆಲ್ಲ ದಾರಿಗೆ ಚೆಲ್ಲಿ, ಕೋಳಿಗಳಿಗೆ ಹಬ್ಬವಾಯಿತು. ನಾನು ಸೈನ್ಯದಲ್ಲಿದ್ದಾಗಲೇ ಅವಳು ತೀರಿಕೊಂಡಳು. ಆ ಜರಡಿ ನಿನ್ನಮ್ಮನ ಮದುವೆಯ ಪೆಟ್ಟಿಗೆಯಲ್ಲಿ ಮೆರ್ಸಿನ್ ಸೇರಿತು. ನಿನ್ನಮ್ಮ ಬದುಕಿದ್ದಾಗ ಅವಳ ಕೈಯಲ್ಲಾದರೂ ನನ್ನನ್ನು ಬಿಡಿಸಬಹುದಿತ್ತು. ನಾನು ಕೇಳಲಿಲ್ಲ. ಕಟ್ಟಿದ ಹಗ್ಗ ಬಿಗಿಯಾಗಿದೆ ಎಂದು ಆಡಿಗೆ ಗೊತ್ತಾಗುವುದು ಆಚೆ ಹಸಿರು ಕಂಡಾಗ ಮಾತ್ರ.

ಗುಲಿಜಾರ್ ಹಾಗೆ ಹೇಳಿದ ಮರುದಿನವೇ ನಾನು ಮುಖಂಡರ ಮನೆಯ ಜರಡಿ ಕಡ ತಂದು, ತವುಡು ತುಂಬಿ, ಮೀಸೆ ಬಾಚಿಕೊಂಡು ಉಮ್ಮುಹಾನ್ ಅವ್ವನ ಮುಂದೆ ಇಟ್ಟೆ. 'ಏನಿದು, ನಾನೇನು ಎಮ್ಮೆಯೇನೋ?' ಅಂದಳು. 'ನನ್ನ ಬೆಲೆ ಅವ್ವಾ, ನನ್ನನ್ನ ನಾನೇ ಬಿಡಿಸ್ಕೊಳ್ತೀನಿ' ಅಂದೆ. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು ನೋಡು, ಒಲೆಯ ಮೇಲಿದ್ದ ಕೆಟಲಿನ ಮುಚ್ಚಳವೂ ನಕ್ಕಿತು. 'ಕುರಿ ತನ್ನ ಹಗ್ಗ ತಾನೇ ಹಿಡ್ಕೊಂಡು ಸಂತೆಗೆ ಹೋಗಿದ್ದು ಎಲ್ಲಾದ್ರೂ ಕೇಳಿದ್ದೀಯೇನೋ? ಮಾಲು ಮಾಲನ್ನ ಕೊಳ್ಳಕ್ಕಾಗಲ್ಲ. ಎತ್ಕೊಂಡು ಹೋಗಿ ಕೋಳಿಗೆ ಹಾಕು, ಹಂಗೇ ನಂಗೆ ಚಹಾ ಮಾಡು' ಅಂದಳು. ಮಾಡಿದೆ. ಸಂಜೆಯೊಳಗೆ ಇದು ಚಹಾದಂಗಡಿಗೆ ಮುಟ್ಟಿತ್ತು. 'ಏನ್ ಮಾವ, ಮಾಲು ಇನ್ನೂ ಅಂಗಡೀಲೇ ಇದೆಯಂತೆ?' ಎಂದು ಒಬ್ಬ. 'ಹಳೇ ಮಾಲಪ್ಪ, ಯಾರೂ ವಾಪಸ್ ತಗೊಳ್ಳಲ್ಲ' ಎಂದು ಇನ್ನೊಬ್ಬ. ನಾನೂ ಅವರ ಜೊತೆ ನಕ್ಕೆ. ನನಗಿಂತ ಜೋರಾಗಿ ಯಾರೂ ನಗಲಿಲ್ಲ ಎಂದು ಬೇಕಾದರೆ ವಿಚಾರಿಸು.

ಇಮಾಮರ ಹತ್ತಿರ ಹೋದೆ. ಮೆತ್ತಗಿನ ದಿಂಬಿನ ಋಣಕ್ಕೋ ಏನೋ ಸಮಾಧಾನವಾಗಿ ಕೇಳಿ, 'ಇಂಥಾ ಮಾರಾಟ ಧರ್ಮದಲ್ಲಿಲ್ಲ ಸತಿಲ್ಮಿಶ್. ಕೂಸೇನು ಕುಂಬಳಕಾಯಿಯೇ? ನೀನು ಹುಟ್ಟಿದಾಗಿಂದ ಸ್ವತಂತ್ರ. ಹೋಗು, ಮದುವೆಯಾಗು' ಅಂದರು. ಮುಖಂಡರೂ ಗುರುತಿನ ಚೀಟಿ ನೋಡಿ, ಅಪ್ಪ ಅಮ್ಮನ ಹೆಸರು ಸರಿಯಾಗೇ ಇದೆ, ಸರ್ಕಾರಕ್ಕೆ ನಿನ್ನನ್ನು ಮಾರಿದ್ದೇ ಗೊತ್ತಿಲ್ಲ ಅಂದರು. ದೇವರ ಕಡೆಯಿಂದಲೂ ಬಿಡುಗಡೆ, ಸರ್ಕಾರದ ಕಡೆಯಿಂದಲೂ ಬಿಡುಗಡೆ. ಬಟ್ಟೆ ಗಂಟು ಕಟ್ಟಿಕೊಂಡು ತಿರುವಿನಲ್ಲಿ ಹೋಗಿ ನಿಂತೆ. ಗುಲಿಜಾರ್ ಒಪ್ಪದಿದ್ದರೆ ನೇರ ನಿನ್ನ ಮನೆಗೇ ಬಂದುಬಿಡುವುದು ಎಂದು ಲೆಕ್ಕ. ಮಿನಿಬಸ್ಸು ಬಂತು. 'ಹತ್ತು ಮಾವ, ಮಳೆ ಬರ್ತಿದೆ' ಅಂದ ರಾಶಿತ್. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಇನ್ನೊಂದು ಕಾಲು ನೆಲದಿಂದ ಮೇಲೇಳಲಿಲ್ಲ. ಬಿಡಿಸಿಕೊಳ್ಳದೆ ಕಾಯಂ ಆಗಿ ಊರು ಬಿಟ್ಟವನನ್ನು ಸಾವು ಮುಂದಿನ ತಿರುವಿನಲ್ಲೇ ಗುರುತು ಹಿಡಿಯುತ್ತದೆ ಎಂದು ಹೆಂಗಸರು ಹೇಳುತ್ತಾರೆ. ನಾನದಕ್ಕೆ ಹೆದರುವವನಲ್ಲ. ಮೊಣಕಾಲು ನೋವು, ಅಷ್ಟೇ. ಆದರೆ ಹಾಗೇ ನಿಂತಿದ್ದೆ ಅಳಿಯಾ, ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ಕೆಸರಿನಲ್ಲಿ, ಒಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ರಾಶಿತ್ ಕೂಡ ತಮಾಷೆ ಮಾಡಲಿಲ್ಲ. ಮೆಲ್ಲಗೆ, 'ಇನ್ನೊಂದಿನ ಹೋಗೋಣ ಬಿಡು ಮಾವ' ಅಂದ. ಗಂಟು ಹೊತ್ತು ತಿರುಗಿ ಬಂದೆ. ಓಣಿಯ ತಲೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಅವ್ವ ಎದ್ದು ಕೂತಿದ್ದಳು. ನನ್ನ ಬೂಟಿನ ಕೆಸರು, ಕೈಯಲ್ಲಿದ್ದ ಗಂಟು, ಎಲ್ಲ ನೋಡಿದಳು. ಕಣ್ಣು ಮಂಜು ಎನ್ನುತ್ತಾಳೆ, ಬೇಕಾದ್ದು ಕಾಣುತ್ತದೆ. ನಾನು ತರ್ಹಾನಾ ಸಾರು ಬಿಸಿ ಮಾಡಿ ಬಟ್ಟಲಿಗೆ ಹಾಕಿಕೊಟ್ಟೆ. ಅರ್ಧ ಕುಡಿದು, 'ಆ ಹೊದಿಕೆಯವಳು ಹೊಲಿಗೆ ಚೆನ್ನಾಗಿ ಹಾಕಿದ್ದಾಳೆ ಕಣೋ, ಒಂದು ಕಡೆನೂ ಗಂಟು ಚುಚ್ಚಲ್ಲ' ಅಂದಳು. ಆಮೇಲೆ, 'ಮಾರ್ತೀನಿ' ಅಂದಳು. ನನಗೆ ಕೇಳಿಸಿತು, ಆದರೂ ಏನು ಎಂದೆ. 'ಕಿವುಡಾ, ಮಾರ್ತೀನಿ ಅಂದೆ. ಆದ್ರೆ ಕ್ರಮವಾಗಿ. ಕೊಳ್ಳೋರು ನಿಮ್ಮಮ್ಮನ ರಕ್ತದೋರೇ ಆಗ್ಬೇಕು. ಜರಡಿನೂ ಅದೇ ಜರಡಿ ಆಗ್ಬೇಕು. ಮುಖಂಡನ ಮನೆ ಜರಡೀಲಿ ನಿನ್ನನ್ನ ಯಾರೂ ಅಳೆದಿರ್ಲಿಲ್ಲ.' ನಾನು ಅವಳ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡೆ, ಕುಣಿಯುವುದೊಂದು ಬಾಕಿ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 'ಮಾರಿದ ಮೇಲೆ ನೀನು ಬರೀ ಎದುರುಮನೆಯವನು, ಅದೂ ನೆನಪಿಟ್ಕೊ. ಎದುರುಮನೆಯವರು ಹೆಗಲು ಕೊಡ್ತಾರೆ, ಪ್ರಾರ್ಥನೆಗೆ ನಿಲ್ತಾರೆ. ಗುಂಡೀಗಿಳಿದು ತಾಯೀನ ಕೈಯಾಗೆ ತಗೊಳ್ಳೋದು ಮಗನ ಕೆಲಸ. ನಾ ಹೆತ್ತ ಮಕ್ಕಳು ಐದು ಜನ ಇದ್ದಾರೆ. ಯಾರಿಗೆ ಸುದ್ದಿ ಮುಟ್ಟೋದು, ಯಾರು ಬರೋದು? ನಮ್ಮಲ್ಲಿ ಹೆಣ ಸಂಜೆ ತನಕ ಇಡಲ್ಲ' ಅಂದಳು. ಅಳುತ್ತಾ ಹೇಳಲಿಲ್ಲ. ಗೋಧಿ ಯಾವಾಗ ಬಿತ್ತಬೇಕು ಎನ್ನುವ ಹಾಗೆ ಹೇಳಿದಳು. ಆಮೇಲೆ ಸಾರಿಗೆ ಉಪ್ಪು ಸಾಲದು ಎಂದು ಬೈದಳು.

ಅವಳ ಐದೂ ಜನರನ್ನು ನೀನು ಬಲ್ಲೆ. ಮೂವರು ಜರ್ಮನಿಯಲ್ಲಿ, ಇಬ್ಬರು ಅಂಕಾರಾದಲ್ಲಿ, ಎಲ್ಲರೂ ಒಳ್ಳೆಯವರೇ, ಬೇಸಿಗೆಯಲ್ಲಿ ಚಾಕೊಲೇಟು ತರುತ್ತಾರೆ. ಅವಳ ಗಂಡ ಸತ್ತ ಚಳಿಗಾಲ ದಾರಿ ಮುಚ್ಚಿತ್ತು. ಆ ಹಿಮದಲ್ಲಿ ಗುಂಡಿಗಿಳಿದವನು ನಾನೊಬ್ಬನೇ. ಅವತ್ತಿನಿಂದ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಅವಳು ಮಾರುತ್ತೇನೆ ಎಂದ ದಿನದಿಂದ ಬೇರೆ ಏನನ್ನೂ ಯೋಚಿಸಲಾಗುತ್ತಿಲ್ಲ. ಬಾಗಿಲು ಮುಚ್ಚಿದ್ದಾಗ ಒದೆಯಬಹುದು ಅಳಿಯಾ. ತೆರೆದಿಟ್ಟು ಹೋಗು ಎಂದರೆ ಕಾಲಿಗೆ ಏನು ಹೇಳುವುದು?

ಅದಕ್ಕೇ ಹೇಳುತ್ತಿದ್ದೇನೆ, ನಮ್ಮಮ್ಮನ ರಕ್ತ ಎಂದು ಈ ಭೂಮಿಯ ಮೇಲೆ ದೊಡ್ಡವನು ನೀನೊಬ್ಬನೇ. ಹಬ್ಬದ ಮುಂಚಿನ ಶುಕ್ರವಾರ ರಜೆ ಹಾಕಿ ಬಾ. ನಿನ್ನಮ್ಮನ ಪೆಟ್ಟಿಗೆಯಿಂದ ಬಂದ ಜರಡಿಯನ್ನು ಬೆರ್ರಿನ್ ಒಣಗಿದ ಹೂ ಸಿಕ್ಕಿಸಿ ಗೋಡೆಗೆ ತೂಗುಹಾಕಿದ್ದಾಳೆ ಎಂದು ಫೋಟೋದಲ್ಲಿ ನೋಡಿದೆ. ಹೂ ಕಿತ್ತು ಜರಡಿ ತಾ, ಅವಳಿಗೆ ಗುಲಿಜಾರ್ ಕೈಯಿಂದ ಒಂದು ಹೊದಿಕೆ ಹೊಲಿಸಿಕೊಡುತ್ತೇನೆ. ಇಪೆಕ್‌ಳನ್ನೂ ಕರೆದುಕೊಂಡು ಬಾ, ಅಜ್ಜನನ್ನು ಕೊಳ್ಳುವುದನ್ನು ಅವಳು ನೋಡಲಿ. ಶಾಲೆಯಲ್ಲಿ ಬೇರೆ ಯಾವ ಮಗುವಿಗೆ ಹೇಳಲು ಸಿಗುತ್ತದೆ ಇಂಥ ಸುದ್ದಿ? ತವುಡು ಇಲ್ಲಿಯ ಗಿರಣಿಯಲ್ಲಿ ತೆಗೆದುಕೊಳ್ಳೋಣ. ಬರುವಾಗ ನಿಂಬೆಹಣ್ಣು ಒಂದು ಚೀಲ ತಾ, ಇಲ್ಲಿಯವು ಗೋಲಿಗಳು.

ದೇವರು ನಿನ್ನ ಕೈಗೂ ಸೊಂಟಕ್ಕೂ ಬಲ ಕೊಡಲಿ, ನೀನು ಮುಟ್ಟಿದ ಮಣ್ಣು ಚಿನ್ನವಾಗಲಿ. ಬೆರ್ರಿನ್‌ಗೆ ಸಲಾಮು, ಪುಟ್ಟಿಯ ಹಲ್ಲಿಲ್ಲದ ಬಾಯಿಗೆ ಮುತ್ತು. ಉಮ್ಮುಹಾನ್ ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಯಾಕೆ ಬರೆಯುತ್ತಿದ್ದೇನೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ಊರುಗಳಿಗೆ ಹೆಸರು ಕೊಟ್ಟ ನಿನ್ನ ಮಾವ,
ಸತಿಲ್ಮಿಶ್

ಮರೆತ ಮಾತು: ರಾಶಿತ್ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಗೆ ಕೊಡಬೇಕು. ಬೇಗ ಹೇಳುತ್ತೇನೆ. ಗಿರಣಿಯಲ್ಲಿ ಜರಡಿಯನ್ನು ಅಂಚಿನ ತನಕ ತುಂಬಿಸು. ಅವ್ವನ ಮನೆ ಬಾಗಿಲಿಗೆ ಬಂದಾಗ, ಒಳಗೆ ಕಾಲಿಡುವ ಮುಂಚೆ, ಅದರಿಂದ ಒಂದು ಬೊಗಸೆ ತೆಗೆದು ಕೋಳಿಗಳಿಗೆ ಎರಚಿಬಿಡು. ಮಾರಾಟ ನೋಡಲು ಬಂದ ಗುಲಿಜಾರ್ ಕೇಳಿದರೆ ಕೆಸರಿನಲ್ಲಿ ಜಾರಿದೆ, ಚೆಲ್ಲಿತು ಅನ್ನು. ಆ ಒಂದು ಬೊಗಸೆ ನನ್ನ ಎರಡು ಕೈಯ ಬೆಲೆ, ಅವು ಅವ್ವನ ಗುಂಡಿಗೆ ಬೇಕು. ಅವನ್ನು ಬಿಟ್ಟು ಉಳಿದದ್ದನ್ನು ಬಿಡಿಸಿಕೋ. ಅವ್ವನಿಗೆ ನೀನೇನೂ ಹೇಳಬೇಕಾಗಿಲ್ಲ. ಅವಳು ಜರಡಿಗೆ ಕೈ ಹಾಕಿ ನೋಡುತ್ತಾಳೆ.